ಬೆನ್ನು ಕೇಳುವ ಸುಮನಬಾಯಿ

ಗೋಕಾಕದ ಗೊಂಬೆ ಮಾಡುವವರ ಓಣಿಯಲ್ಲಿ ಸುಮನಬಾಯಿಯ ಮನೆಗೆ ಮೊದಲ ಸಲ ಹೋದವರು ಬುಟ್ಟಿಯಲ್ಲಿಟ್ಟ ಬಾಳೆಹಣ್ಣಿಗೆ ಕೈ ಹಾಕದೆ ಬಂದದ್ದಿಲ್ಲ. ಸುಲಿಯಲು ಹೋಗಿ ಉಗುರು ಕಟ್ಟಿಗೆಗೆ ತಾಗಿದಾಗ ಪೆಚ್ಚುನಗೆ ನಕ್ಕು, ಪಕ್ಕದ ಸೀತಾಫಲವಾದರೂ ನಿಜದ್ದಿರಬಹುದೆಂದು ಅದನ್ನೂ ಒತ್ತಿ ನೋಡುತ್ತಾರೆ. ಅದೂ ಕಟ್ಟಿಗೆಯೇ. ಗಂಡ ಪರಶುರಾಮ ಹಗುರ ಕಟ್ಟಿಗೆ ಕೆತ್ತಿ ಆಕಾರ ಕೊಟ್ಟರೆ, ಹುಣಸೆಬೀಜದ ಅಂಟಿನಲ್ಲಿ ಕಟ್ಟಿಗೆಯ ಪುಡಿ ಕಲಸಿ ಮೆತ್ತಿ, ನಯ ಮಾಡಿ, ಬಣ್ಣ ಬಳಿಯುವವಳು ಸುಮನಬಾಯಿ.

ಆಕೆ ಓದಿದ್ದು ನಾಲ್ಕನೇ ಇಯತ್ತೆ. ಆದರೆ ಮನುಷ್ಯನ ಹೃದಯದಿಂದ ಹಿಡಿದು ನಾಲ್ಕು ಸಾವಿರ ವರ್ಷ ಹಿಂದಿನ ಹರಪ್ಪದ ಮುದ್ರೆಯವರೆಗೆ, ಜೇನುಹುಳದ ಹಿಂಗಾಲಿನಿಂದ ಚಂದ್ರನ ಕುಳಿಗಳವರೆಗೆ ಆಕೆಗೆ ಗೊತ್ತು. ನಮಗೆ ನಿಮಗೆ ಗೊತ್ತಿರುವ ಹಾಗಲ್ಲ. ನಾವು ಪರೀಕ್ಷೆಗೆಂದು ಹೆಸರು ಉರುಹೊಡೆದವರು, ಮರುದಿನ ಮರೆತವರು. ಮೊಬೈಲಿನಲ್ಲಿ ಎಲ್ಲ ಸಿಗುತ್ತದೆ ಎನ್ನುವ ಜಾಣರನ್ನು ಹಿಡಿದು ತಂದು ಆಕೆಯ ಮುಂದೆ ಹತ್ತು ನಿಮಿಷ ಕೂಡಿಸಬೇಕು ಅನ್ನಿಸುತ್ತದೆ.

ಇದೆಲ್ಲ ಶುರುವಾದದ್ದು ಹದಿನೆಂಟು ವರ್ಷದ ಹಿಂದೆ, ಮೂಡಲಗಿಯ ಸೋಮಲಿಂಗ ಮಾಸ್ತರರಿಂದ. ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಇತಿಹಾಸದವರು ವರ್ಗವಾಗಿ ಹೋದ ಮೇಲೆ ಅದೂ ಅವರ ಕೊರಳಿಗೇ ಬಿದ್ದಿತ್ತು. ಒಂದು ದಿನ ಪಠ್ಯಪುಸ್ತಕ ಹಿಡಿದು ಬಂದು, ಹೃದಯದ ಚಿತ್ರ ತೋರಿಸಿ, ಮಕ್ಕಳು ಕೈಯಲ್ಲಿ ಹಿಡಿದು ನೋಡುವ ಹಾಗೆ ಮಾಡಿಕೊಡಿ ಎಂದರು. ಸುಮನಬಾಯಿ ಪುಸ್ತಕವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಸರ, ಇದರ ಬೆನ್ನು ಹೆಂಗೈತ್ರಿ?"

"ಯಾತರ ಬೆನ್ನು?"

"ಹೃದಯದ್ದು. ನೀವು ಬರೇ ಮಾರಿ ತೋರಿಸಾಕತ್ತೀರಿ. ಗೊಂಬಿಗೆ ಮಾರಿ ಒಂದ ಇದ್ರ ಹೆಂಗ ನಡೀತೈತ್ರಿ? ಹುಡುಗರು ಹೊಳ್ಳಿಸಿದ್ರ ಏನ್ ನೋಡಬೇಕು?"

ಮಾಸ್ತರರು ಪುಸ್ತಕ ಇಸಿದುಕೊಂಡು ಚಿತ್ರವನ್ನು ಮತ್ತೆ ನೋಡಿದರು. ಇಪ್ಪತ್ತು ವರ್ಷ ಹೃದಯದ ಪಾಠ ಮಾಡಿದ್ದರು. ಅದಕ್ಕೊಂದು ಬೆನ್ನಿದೆ ಎಂಬುದು ಒಂದು ದಿನವೂ ತಲೆಗೆ ಬಂದಿರಲಿಲ್ಲ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ, ಕೊರಳಲ್ಲಿ ಲಿಂಗ ಕಟ್ಟಿದ ಆ ಮನುಷ್ಯ, ಮೂಗಿಗೆ ವಸ್ತ್ರ ಹಿಡಿದು ಮಟನ್ ಅಂಗಡಿಯ ಮುಂದೆ ನಿಂತು ಕುರಿಯ ಹೃದಯವನ್ನು ಹೊರಳಿಸಿ ತೋರಿಸೆಂದು ಕೇಳಿದರಂತೆ. ಆಮೇಲೆ ಗುರುತಿನ ಡಾಕ್ಟರರ ದಪ್ಪ ಪುಸ್ತಕದಲ್ಲಿ ಮನುಷ್ಯನದನ್ನೂ ತಾಳೆ ನೋಡಿ, ಎಂಟು ದಿನಕ್ಕೆ ತಾವೇ ಬರೆದ ಚಿತ್ರದೊಂದಿಗೆ ತಿರುಗಿ ಬಂದರು.

"ಬೆನ್ನಿಗೆ ನಾಕು ನಳಿಗಿ ಅದಾವ್ವಾ, ತಂಗಿ. ಶ್ವಾಸಕೋಶದಿಂದ ಚೊಕ್ಕ ರಕ್ತ ಬರೂದು ಇಲ್ಲಿಂದನ. ನನಗ ಈ ವಯಸ್ಸಿನ್ಯಾಗ ನೀ ಪಾಠಾ ಕಲಿಸಿದಿ ನೋಡು."

ಅಂದಿನಿಂದ ಇಬ್ಬರಿಗೂ ಒಂದು ಹುಚ್ಚು ಹತ್ತಿತು. ಮಾಸ್ತರರು ಏನೇ ತರಲಿ, ಸುಮನಬಾಯಿ ಮೊದಲು ಕೇಳುವುದು ಬೆನ್ನು. ಹರಪ್ಪದ ಮುದ್ರೆಯ ಮುಂದೆ ಡುಬ್ಬದ ಗೂಳಿ ಇದೆ, ಯಾರಿಗೂ ಓದಲು ಬಾರದ ಅಕ್ಷರಗಳಿವೆ. ಹಿಂದೆ? ಮಾಸ್ತರರು ಎಲ್ಲೆಲ್ಲಿಗೋ ಪತ್ರ ಬರೆದು ಉತ್ತರ ತರಿಸಿದರು. ಹಿಂದೆ ಗುಂಡಿಯಂಥ ಒಂದು ಉಬ್ಬು ಇದೆ, ಅದರಲ್ಲಿ ದಾರ ಪೋಣಿಸಲು ತೂತಿದೆ. ಸುಮನಬಾಯಿ ಹಾಗೆಯೇ ಮಾಡಿ, ತೂತಿನಲ್ಲಿ ದಾರ ಎಳೆದು, ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಅಷ್ಟು ಹಿಂದಿನ ಯಾರೋ ಒಬ್ಬರು ಇದನ್ನು ಬೆಳಿಗ್ಗೆ ಎದ್ದು ಕಟ್ಟಿಕೊಂಡು ಕೆಲಸಕ್ಕೆ ಹೋಗಿರಬೇಕು ಎಂದುಕೊಂಡಾಗ ಆಕೆಗೆ ಮೈ ಜುಮ್ಮೆಂದಿತು. ಚಂದ್ರನ ಬೆನ್ನಿನ ಕಥೆ ಇನ್ನೂ ದೊಡ್ಡದು. ಅದು ಭೂಮಿಯ ಮೇಲಿನಿಂದ ಕಾಣಿಸುವುದೇ ಇಲ್ಲ, ನಮಗೆ ಕಾಣುವ ಕಪ್ಪು ಕಲೆಗಳು ಆ ಕಡೆ ಹೆಚ್ಚಿಲ್ಲ ಎಂದು ತಿಳಿದಾಗ ಕುಂಚ ಕೆಳಗಿಟ್ಟು ಅಂಗಳಕ್ಕೆ ಹೋಗಿ ಚಂದ್ರನನ್ನು ನೋಡಿ ಬಂದಳು.

ಶನಿಗ್ರಹ ಮಾಡುವಾಗ ಮಾತ್ರ ಅತ್ತೆ ಯಲ್ಲವ್ವ ರಂಪ ಮಾಡಿದಳು.

"ಮಂದಿ ಶನಿ ಬಿಡಿಸ್ಕೊಳ್ಳಾಕ ಎಣ್ಣಿ ಹಾಕತಾರ, ನೀ ಮನಿಯಾಗ ಕೂಡಿಸಿ ಬಣ್ಣಾ ಹಚ್ಚತಿ!"

ಸುಮನಬಾಯಿ ಮನೆಯ ಹೊರಗೆ ಕಟ್ಟೆಯ ಮೇಲೆ ಕೂತು ಮಾಡಿದಳು. ಶನಿಯ ಸುತ್ತಲಿನ ಬಳೆಯನ್ನು ಮಕ್ಕಳು ಮುರಿಯದಿರಲೆಂದು ಬೆರಳಿನಷ್ಟು ದಪ್ಪ ಮಾಡಿದಳು. ಅಂಥ ನಲವತ್ತೊಂದು ಶನಿಗಳು ಗೋಕಾಕ, ಮೂಡಲಗಿ, ಹುಕ್ಕೇರಿಯ ಶಾಲೆಗಳಿಗೆ ಹೋದವು.

ಸೋಮಲಿಂಗ ಮಾಸ್ತರರು ತೀರಿಕೊಂಡು ಎರಡು ವರ್ಷವಾಗಿತ್ತು. ಕಳೆದ ನವೆಂಬರಿನಲ್ಲಿ ಹುಕ್ಕೇರಿಯ ವಿಜಯಶ್ರೀ ಟೀಚರ್ ಕರೆ ಮಾಡಿದರು. ಶಾಲೆಗೆ ಹೊಸ ದುರ್ಬೀನು ಬಂದಿದೆ, ಸಂಜೆ ಮಕ್ಕಳಿಗೆ ಶನಿಯನ್ನು ತೋರಿಸುತ್ತೇವೆ, ನೀವೂ ಬರಬೇಕು ಎಂದು. ಸುಮನಬಾಯಿ ಇಳಕಲ್ ಸೀರೆ ಉಟ್ಟು, ಗಂಡನನ್ನು ಕರೆದುಕೊಂಡು ಬಸ್ಸು ಹತ್ತಿದಳು. ಇಷ್ಟು ವರ್ಷ ಮಾಡಿದ್ದನ್ನು ಒಂದು ಸಲ ಕಣ್ಣಾರೆ ನೋಡುವ ದಿನ ಬಂದಿತ್ತು.

ಶಾಲೆಯ ಬಯಲಲ್ಲಿ ಆಗಷ್ಟೇ ಕತ್ತಲಾಗಿತ್ತು. ಮೇಜಿನ ಮೇಲೆ ಆಕೆಯದೇ ಶನಿ ಇತ್ತು. ಸರತಿಯಲ್ಲಿ ಮೊದಲು ನಿಂತಿದ್ದ ದಾನೇಶ್ವರಿ ಎಂಬ ಹುಡುಗಿ ದುರ್ಬೀನಿಗೆ ಕಣ್ಣು ಹಚ್ಚಿ ಕೂಗಿದಳು.

"ಟೀಚರ್, ಬಳಿ ಇಲ್ರೀ! ಬರೇ ಗೆರಿ ಐತಿ!"

ವಿಜಯಶ್ರೀ ತಿರುಪು ತಿರುವಿದರು, ಕಣ್ಣು ಒರೆಸಿಕೊಂಡು ನೋಡಿದರು, ಮತ್ತೆ ತಿರುವಿದರು. ಆಮೇಲೆ ಸುಮನಬಾಯಿಯನ್ನು ಕರೆದರು. ಆಕೆ ಬಗ್ಗಿ ನೋಡಿದಳು. ಕಪ್ಪಿನ ನಡುವೆ ಬೆಣ್ಣೆಬಣ್ಣದ ಸಣ್ಣ ಗುಂಡು. ಅದರ ನಡುವಿನಿಂದ ಸೂಜಿ ಚುಚ್ಚಿದ ಹಾಗೆ ಎರಡೂ ಕಡೆ ಒಂದು ಗೆರೆ. ಅಗಲವಾದ ಬಳೆ ಎಲ್ಲೂ ಇಲ್ಲ.

ನಲವತ್ತೊಂದು ಶಾಲೆ. ಮಾಸ್ತರರೂ ಕಣ್ಣಿಂದ ಕಂಡವರಲ್ಲ, ತಾನೂ ಕಂಡವಳಲ್ಲ. ಚಿತ್ರ ನಂಬಿ ಮಾಡಿದರು. ಇದೇ ಸುಳ್ಳಾದರೆ ಹೃದಯದ ಆ ನಾಲ್ಕು ನಳಿಗೆಗಳು? ಮುದ್ರೆಯ ತೂತು? ಚಂದ್ರನ ಬೆನ್ನು? ಹದಿನೆಂಟು ವರ್ಷ ಮಕ್ಕಳ ಕೈಗೆ ಏನು ಕೊಟ್ಟೆ? ಕೇಳೋಣವೆಂದರೆ ಮಾಸ್ತರರಿಲ್ಲ. ಪರಶುರಾಮ, "ಹೋಗೂಣ ನಡಿ, ಬಸ್ ತಪ್ಪತೈತಿ" ಎಂದ. ಆಕೆ ಹೊರಡಲಿಲ್ಲ. ಮೇಜಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಹಣ್ಣಿನ ಬಣ್ಣ ಸಮನಾಗಿದೆಯೇ ಎಂದು ನೋಡುವಾಗ ಒಂದು ಕಣ್ಣು ಮುಚ್ಚುವಂತೆ ಮುಚ್ಚಿ, ತನ್ನ ಶನಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಮೆಲ್ಲಗೆ ವಾಲಿಸಿದಳು. ಬಳೆ ಕಿರಿದಾಯಿತು, ಇನ್ನೂ ಕಿರಿದಾಯಿತು, ಕೊನೆಗೆ ಬರೀ ದಪ್ಪನೆಯ ಪಟ್ಟಿಯಾಗಿ ಉಳಿಯಿತು.

"ಟೀಚರ್, ದುರ್ಬೀನು ಖರೇನ ಹೇಳಾಕತ್ತೈತ್ರಿ! ಬಳಿ ಎಲ್ಲೂ ಹೋಗಿಲ್ಲ. ಈಗ ನಮ್ಮ ಕಡೆ ಅಂಚು ಮಾಡಿ ನಿಂತೈತಿ. ಆದ್ರ ಖರೇ ಬಳಿ ದಪ್ಪ ಎಷ್ಟೈತ್ರಿ? ನಂದು ಪಟ್ಟಿ ಕಾಣತೈತಿ, ಅಲ್ಲಿ ಕೂದಲೆಳಿ ಕಾಣತೈತಿ."

ವಿಜಯಶ್ರೀ ಮೊಬೈಲ್ ತೆಗೆದರು. ಹುಡುಕಿದರು. ಓದಿ ಆಕೆಯ ಕಡೆ ತಿರುಗಿದರು.

"ಅಕ್ಕಾ, ನೀವು ಹೇಳಿದ್ದು ಬರೋಬ್ಬರಿ. ಹದಿಮೂರು, ಹದಿನೈದು ವರ್ಷಕ್ಕೊಮ್ಮಿ ಹಿಂಗ ಅಂಚು ಕಾಣತೈತಂತ. ಈ ಬಳಿ ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡೂ ಮುಕ್ಕಾಲು ಲಕ್ಷ ಕಿಲೋಮೀಟರ್. ದಪ್ಪ ಮಾತ್ರ ಬಾಳ ಕಡೆ ನಮ್ಮ ಗೋಕಾಕ ಫಾಲ್ಸ್‌ನಷ್ಟು ಎತ್ತರಾನೂ ಇಲ್ರಿ."

ಫಾಲ್ಸ್ ನೋಡದ ಮಗು ಅಲ್ಲಿರಲಿಲ್ಲ. ಅದರ ಎತ್ತರಕ್ಕಿಂತ ತೆಳುವಾದ ಒಂದು ಬಳೆ, ನಮ್ಮ ಭೂಮಿಯಂಥ ಇಪ್ಪತ್ತು ಗುಂಡುಗಳನ್ನು ಸಾಲಾಗಿ ಇಟ್ಟರೂ ಮುಗಿಯದಷ್ಟು ಅಗಲ, ಮುರಿಯದೆ ತಿರುಗುತ್ತಿದೆ. ಸುಮನಬಾಯಿ ಮತ್ತೊಮ್ಮೆ ದುರ್ಬೀನಿಗೆ ಕಣ್ಣು ಹಚ್ಚಿದಳು. ಈ ಸಲ ಆ ಗೆರೆ ಕಂಡು ಕಣ್ಣು ತುಂಬಿ ಬಂತು, ಗೆರೆ ಕಲಸಿಹೋಯಿತು.

"ನಾ ಬೆನ್ನು ಕೇಳಿದೆ, ಅಂಚು ಕೇಳಲಿಲ್ಲ ನೋಡು," ಎಂದಳು ಗಂಡನಿಗೆ.

ಮನೆಗೆ ಬಂದ ಮೇಲೆ ಪರಶುರಾಮನ ಮೊಣಕಾಲಿನ ಹಳೆಯ ಎಕ್ಸ್‌ರೇ ಹಾಳೆಗೆ ಕೇಡುಗಾಲ ಬಂತು. ಅದನ್ನು ಕತ್ತರಿಸಿ, ತೆಳು ಬಣ್ಣ ಹಚ್ಚಿ ಬಳೆ ಮಾಡಿದಳು. ಕಣ್ಣಿನ ಮಟ್ಟಕ್ಕೆ ಹಿಡಿದರೆ ಅದು ಮಾಯವಾಗುತ್ತಿತ್ತು. ಮೊದಲನೆಯ ಹೊಸ ಶನಿಯನ್ನು ಹಿಡಿದುಕೊಂಡು ಮೂಡಲಗಿಗೆ, ಸೋಮಲಿಂಗ ಮಾಸ್ತರರ ಶಾಲೆಗೆ ಹೋದಳು. ತಪ್ಪಿದ್ದನ್ನು ಮೊದಲು ಅಲ್ಲಿಂದಲೇ ತೆಗೆಯಬೇಕೆಂದು ಹಟ.

ಈಗಿನ ಮಾಸ್ತರ ಅಣ್ಣಪ್ಪ ಕಪಾಟು ತೆರೆದು ಹಳೆಯ ಶನಿಯನ್ನು ಆಕೆಯ ಕೈಗಿಟ್ಟರು. ಬಣ್ಣ ಹೋಗಿತ್ತು. ಬಳೆಯ ಮೇಲೆ ಬೆರಳಾಡಿಸಿದಾಗ ಸುಮನಬಾಯಿಗೆ ತನ್ನ ಕೈಯ ಮೇಲೇ ನಂಬಿಕೆ ಬರಲಿಲ್ಲ. ಬೆರಳಿನಷ್ಟು ದಪ್ಪ ಮಾಡಿದ್ದ ಬಳೆ ಅಂಚಿನಲ್ಲಿ ಸುತ್ತಲೂ ಸವೆದು, ಒಂದೆರಡು ಕಡೆ ರೊಟ್ಟಿಯ ಅಂಚಿನಷ್ಟು ತೆಳುವಾಗಿತ್ತು. ವರ್ಷಕ್ಕೆ ನೂರು ಹುಡುಗ ಹುಡುಗಿಯರು ಅಲ್ಲಿಯೇ ಹೆಬ್ಬೆರಳಿಟ್ಟು ಹಿಡಿದು, ತಿರುಗಿಸಿ ನೋಡಿದ್ದರು.

"ಇದನ್ನ ಹೊರಗ ಒಗದು ಹೊಸಾದು ಇಡ್ತೇನ್ರಿ ಅಕ್ಕಾ," ಎಂದರು ಅಣ್ಣಪ್ಪ.

ಸುಮನಬಾಯಿ ಹೊಸದನ್ನು ಅವರ ಕೈಗೆ ಕೊಟ್ಟಳು. ಹಳೆಯದನ್ನು ಸೆರಗಿನಿಂದ ಒರೆಸಿ ತಾನೇ ಕಪಾಟಿನಲ್ಲಿಟ್ಟಳು.

"ಇದನ್ನ ಒಗೀಬ್ಯಾಡ್ರಿ ಸರ. ಇನ್ನೊಂದಿಷ್ಟು ವರ್ಷ ಹುಡುಗರ ಕೈಯಾಗ ಇರಲಿ, ಖರೇದ್ದಾಗತೈತಿ."