ಸರೋಜಕ್ಕೋರ ದೀರ್ಘ

ಸರೋಜಕ್ಕೋರು ತಪ್ಪು ಬರೆದ ಬೋರ್ಡಿನ ಕೆಳಗೆ ಕೂತು ಉಣ್ಣುತ್ತಿರಲಿಲ್ಲ. ಹಳಿಯಾಳದ ಒಂದು ಖಾನಾವಳಿಯ ಮುಂದೆ ‘ಜೊಳದ ರೊಟ್ಟಿ’ ಅಂತ ಬರೆದಿತ್ತು. ಹಸಿದು ಬಂದವರು ಬಾಗಿಲಲ್ಲೇ ನಿಂತರು. “ಮೊದಲು ಜೋಳಕ್ಕೆ ದೀರ್ಘ ಕೊಡಿ. ಆಮೇಲೆ ನನಗೆ ರೊಟ್ಟಿ ಕೊಡಿ.” ಮಾಲೀಕ ಸುಣ್ಣದ ಕಡ್ಡಿ ಹಿಡಿದು ಬಂದ ಮೇಲೆಯೇ ಒಳಗೆ ಹೋದರು.

ಮೈಸೂರು ಕಡೆಯವರು. ನಮ್ಮಲ್ಲಿ ಸಾಲಿ ಕಲಿಸಲು ಬಂದು, ರಿಟೈರಾದ ಮೇಲೂ ಇಲ್ಲೇ ಉಳಿದರು. ನನಗೆ ಅರವತ್ತು ದಾಟಿದ ಮೇಲೆ ಅಕ್ಷರ ಕಲಿಸಿದವರು ಅವರೇ. ನಾನು ಸಿದ್ದಿ ಹೆಂಗಸು, ಹಳೆ ಸೀರೆ ಜೋಡಿಸಿ ಹೊದೆಯುವ ಕೌದಿ ಹೊಲಿಯುವವಳು. ಮನೆಯಲ್ಲಿ ಕೊಂಕಣಿ, ಬಜಾರದಲ್ಲಿ ಕನ್ನಡ.

ಕನ್ನಡ ತಪ್ಪಾದರೆ ಮೊಬೈಲಿನಲ್ಲಿ ಅಕ್ಷರದ ಕೆಳಗೆ ಕೆಂಪು ಗೆರೆ ಬೀಳುತ್ತದೆ. ನಾನು ಮೊದಲ ಸಲ ‘ಕೌದಿ ಒಣಗೈತಿ’ ಅಂತ ಬರೆದಾಗ ಎರಡಕ್ಕೂ ಬಿತ್ತು. ಅಕ್ಕೋರ ಮನೆಗೆ ಹೋಗಿ ಕೇಳಿದೆ. “ನಾ ತಪ್ಪಂದ್ರ ತಪ್ಪು ಖರೆ. ಕೌದಿ ಏನ್ ತಪ್ಪು ಮಾಡೇತ್ರೀ?”

“ಕೌದಿ ತಪ್ಪಲ್ಲ, ಪಟ್ಟಿ ತಪ್ಪು,” ಅಂದರು. ಸರಿಯಾದ ಶಬ್ದಗಳ ಪಟ್ಟಿಯೊಂದು ಇರುತ್ತದಂತೆ. ಅದರಲ್ಲಿ ಇಲ್ಲದ್ದಕ್ಕೆ ಗೆರೆ. ಆ ಪಟ್ಟಿಯನ್ನು ಬೇರೆ ಬೇರೆ ಊರಿನವರು ಸೇರಿ ಕಟ್ಟುತ್ತಿದ್ದರು. ಓಪನ್ ಸೋರ್ಸ್ ಅಂತಾರೆ. ಯಾರು ಬೇಕಾದರೂ ಶಬ್ದ ಕಳಿಸಬಹುದು. ಒಪ್ಪಿ ಒಳಗೆ ಸೇರಿಸುವ ಹಕ್ಕು ಮಾತ್ರ ಕೆಲವರಿಗೆ. ಅಕ್ಕೋರಿಗೆ ಆ ಹಕ್ಕಿತ್ತು.

ಅವತ್ತಿನಿಂದ ಕಳಿಸಿದೆ. ಸೂಜಿಯ ಶಬ್ದ, ಹೊಲದ ಶಬ್ದ, ಅಡವಿಯ ಶಬ್ದ. ಅರ್ಧ ತಿರುಗಿ ಬರುತ್ತಿದ್ದವು. “ದೀರ್ಘ ಎಲ್ಲಿ ಮರಿಯಮ್ಮ?” ತಿದ್ದಿ ಮತ್ತೆ ಕಳಿಸುತ್ತಿದ್ದೆ. ‘ಐತಿ’ ಕೂಡ ಜಗಳಾಡಿ ಒಳಗೆ ಹೋಯಿತು. ‘ಹೋಗೂಣು’ ಮಾತ್ರ ಮೂರು ಸಲ ತಿರುಗಿ ಬಂತು.

“ಹೋಗೋಣ ಇದೆಯಲ್ಲ, ಇನ್ನೊಂದು ಏಕೆ?”

“ನೀವು ಹೋಗೋಣ ಅಂತ ಹೋಗ್ರಿ, ನಾವು ಹೋಗೂಣು ಅಂತ ಹೋಗ್ತೇವಿ. ಬಸ್ ಒಂದ ಐತಿ.”

ನಕ್ಕರು. ಒಪ್ಪಲಿಲ್ಲ.

ಎರಡು ವರ್ಷದ ಮೇಲೆ ಒಂದು ದಿನ, “ನಿಮ್ಮನ್ನು ಕಮಿಟರ್ ಮಾಡಬೇಕು ಅಂತ ಎಲ್ಲರೂ ಹೇಳಿದ್ದಾರೆ,” ಅಂದರು.

“ನಾ ಯಾವ ಕಮಿಟಿಗೂ ಬರೂದಿಲ್ರೀ. ಸಂಘದ ಕಮಿಟ್ಯಾಗ ಇದ್ದೆ. ಚಾ ಕುಡದ್ವಿ, ಎದ್ದು ಬಂದ್ವಿ.”

“ಕಮಿಟಿ ಅಲ್ಲಮ್ಮ, ಕಮಿಟರ್. ನನ್ನ ಹಾಗೆ ಶಬ್ದ ಒಪ್ಪಿ ಸೇರಿಸುವವರು. ಇದರಲ್ಲಿ ಚಹಾ ಇಲ್ಲ. ಕೆಲಸ ಮಾತ್ರ.”

ಹಂಗಾದರೆ ಆದೀತು ಅಂದೆ. ಎಲ್ಲರಿಗೂ ಬರೆದ ಕಾಗದವನ್ನು ನನಗೆ ಓದಿ ಹೇಳಿದರು. “ನಮ್ಮ ಹೊಸ ಕಮಿಟರ್ ಮರಿಯಾ ಅವರನ್ನು ಸ್ವಾಗತಿಸಿ. ನಮ್ಮ ಪಟ್ಟಿಯಲ್ಲಿಲ್ಲದ ಕನ್ನಡ ಇವರ ಬಾಯಲ್ಲಿದೆ. ದೀರ್ಘ ಮರೆಯುತ್ತಾರೆ, ನೋಡಿಕೊಳ್ಳಿ.” ಅಷ್ಟು ಜನರ ಮುಂದೆ ನನ್ನನ್ನು ಯಾರೂ ‘ಅವರು’ ಅಂದಿರಲಿಲ್ಲ. ಅದೊಂದಕ್ಕೆ ನಾನು ಸಾಯುವ ತನಕ ಅವರ ಹೆಸರು ಹೇಳುತ್ತೇನೆ.

ಬಾಯಿಂದ ಮಾತ್ರ ಬೇರೆ ಬಂತು. “ಇನ್ನ ಹೋಗೂಣು ನಾನ ಹಾಕ್ತೇನಿ, ನೋಡ್ರಿ.”

“ಆಗೋದಿಲ್ಲ. ತನ್ನ ಶಬ್ದ ತಾನೇ ಒಪ್ಪಬಾರದು. ಅದು ಇಲ್ಲಿಯ ರೂಢಿ. ಎರಡನೆಯ ಕಣ್ಣು ಬೇಕು.”

ಅವರ ಕಣ್ಣೇ ಮಸುಕಾಗತೊಡಗಿತ್ತು. ಕೊನೆಗೆ ನೋಡಲು ಹೋದಾಗ ಮೊಬೈಲನ್ನು ಮೂಗಿಗೆ ಹಿಡಿದು ಏನೋ ಒತ್ತುತ್ತಿದ್ದರು. “ಏನ್ ಬರಿಯಾಕತ್ತೀರಿ?” ಅಂದೆ. “ಹೋಗಿ ನಿಮ್ಮ ಕೌದಿ ಹೊಲಿಯಿರಿ,” ಅಂದರು. ನಾಲ್ಕು ದಿನಕ್ಕೆ ತೀರಿಕೊಂಡರು.

ಮಣ್ಣಿಗೆ ಹೋಗಿ ಬಂದೆ. ಒಂದು ವಾರ ಪಟ್ಟಿ ತೆರೆಯಲಿಲ್ಲ. ತೆರೆದಾಗ ಒಂದು ಶಬ್ದ ಒಪ್ಪಿಗೆಗೆ ಕಾಯುತ್ತಿತ್ತು. ಕಳಿಸಿದವರು ಸರೋಜಾ. ಪಕ್ಕದಲ್ಲಿ ಬರೆದಿದ್ದರು: ‘ಬಸ್ಸು ಒಂದೇ. ಮರಿಯಮ್ಮ ನೋಡಲಿ.’

ಶಬ್ದ: ‘ಹೊಗೂಣು.’

ಅಕ್ಕೋರು ದೀರ್ಘ ಮರೆತಿದ್ದರು. ದೀರ್ಘ ಕೊಟ್ಟೆ. ಒಪ್ಪಿದೆ.