ಹತ್ತು ಲಕ್ಷದ ಒಂದು

ಮನುಷ್ಯ ನಶ್ವರ, ಸಂಖ್ಯೆ ಶಾಶ್ವತ ಎಂದು ಹಿರಿಯರು ಹೇಳುತ್ತಾರೆ. ಹಾಗೆ ಹೇಳಿದ ಹಿರಿಯರಲ್ಲಿ ಗಣಿತದಲ್ಲಿ ಮೂವತ್ತೈದು ದಾಟಿದವರನ್ನು ನಾನಿನ್ನೂ ಕಂಡಿಲ್ಲ.

ಮಧುಗಿರಿಯ ಹೈಸ್ಕೂಲಿನಲ್ಲಿ ನಾನು ಕನ್ನಡ ಹೇಳಿಕೊಡುತ್ತಿದ್ದಾಗ ಅರ್ಧ ಗೋಡೆಯಾಚೆ ಗಣಿತದ ಮೇಷ್ಟ್ರಿದ್ದರು. ಮಂಡಿನೋವಿನಿಂದ ಹತ್ತು ನಿಮಿಷವೂ ನಿಲ್ಲಲಾರದವರು. ಪ್ರತಿ ವರ್ಷ ಮೊದಲ ದಿನ ಬೋರ್ಡಿನ ಮೇಲೆ 10,00,001 ಎಂದು ಬರೆದು, ಸೀಮೆಸುಣ್ಣದ ಕೈಯನ್ನು ಕಿಟಕಿಯಾಚೆಯ ಬೆಟ್ಟದ ಕಡೆ ಚಾಚುತ್ತಿದ್ದರು.

"ನೋಡ್ರಲಾ, ಅದೂ ಒಂದೇ ಕಲ್ಲು, ಇದೂ ಒಂದೇ ಕಲ್ಲು. ಯಾವುದರಿಂದ ಭಾಗಿಸಿದ್ರೂ ಶೇಷ ಉಳೀತದೆ. ಒಡೆದೋರಿಗೆ ನನ್ನ ಕುರ್ಚಿ!"

ನೂರರವರೆಗಿನ ಎಲ್ಲ ಸಂಖ್ಯೆಗಳಿಂದಲೂ ತಾವೇ ಭಾಗಿಸಿ ನೋಡಿದ್ದರಂತೆ. ಅದು ಅಳ್ಳಾಡಿರಲಿಲ್ಲ. ಹದಿನೆಂಟು ವರ್ಷ ಕುರ್ಚಿಯೂ ಅಳ್ಳಾಡಲಿಲ್ಲ.

ಆಮೇಲೊಂದು ಬೆಳಿಗ್ಗೆ ದೊಡ್ಡೇರಿ ಕಡೆಯಿಂದ ಬರುತ್ತಿದ್ದ ಒಂಬತ್ತನೇ ಕ್ಲಾಸಿನ ಹುಡುಗಿ ಎದ್ದು ನಿಂತಳು.

"ಸಾ, ನೂರೊಂದರಲ್ಲಿ ಹೋಯ್ತದೆ."

"ನೂರರ ತನಕ ನಾನೇ ನೋಡಿವ್ನಿ ಕಣಮ್ಮ."

"ಅದಕ್ಕೇ ಸಾ, ನಾನು ಅಲ್ಲಿಂದಾಚೆಗೆ ಶುರು ಮಾಡ್ದೆ."

ಮೇಷ್ಟ್ರು ಭಾಗಿಸಿದರು. ಭಾಗಲಬ್ಧ 9901, ಶೇಷ ಸೊನ್ನೆ. ನಂಬಿಕೆ ಬಾರದೆ ಗುಣಿಸಿಯೂ ನೋಡಿದರು. ತಮಾಷೆಗೆ ಹೇಳಿದ್ದೆ ಎಂದುಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಗೋಡೆಯ ಈಚೆಗಿದ್ದ ನಾನಂತೂ ಹಾಗೇ ಅನ್ನುತ್ತಿದ್ದೆ. ಅವರು ಹೆಗಲ ಮೇಲಿನ ಟವಲಿನಿಂದ ಕುರ್ಚಿ ಒರೆಸಿದರು.

"ಬಾರವ್ವ, ಕೂತ್ಕೋ. ಬೆಟ್ಟ ಒಡೆದ್ಬುಟ್ಟೆ."

ಆ ವರ್ಷವೆಲ್ಲ ಗಣಿತದ ಪೀರಿಯಡ್ಡಿನಲ್ಲಿ ಅವಳು ಕುರ್ಚಿಯಲ್ಲಿ ಕೂತಳು. ಅವರು ನಿಂತು ಪಾಠ ಮಾಡಿದರು.