ಆಗ್ನೇಯಕ್ಕೆ ಹಿಡಿದ ಆಂಟೆನಾ

ಕಂಡವರ ಮನೆಯ ಅಡುಗೆಮನೆ ಯಾವ ಕಡೆಗಿದೆ ಎಂದು ವಿಚಾರಿಸಿಕೊಂಡು ಹೊಟ್ಟೆ ಹೊರೆದವನು ಈ ಊರಿನಲ್ಲಿ ನಾನೊಬ್ಬನೇ ಇರಬೇಕು. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ, ಮಾಮೂಲ್‌ಪೇಟೆಯ ಒಂದು ಅಂಗಡಿಯ ಪರವಾಗಿ ಮನೆಮನೆಗೆ ಹೋಗಿ ಉಪಗ್ರಹದ ಡಿಜಿಟಲ್ ರೇಡಿಯೊ ನುಡಿಸಿ ತೋರಿಸುವುದು ನನ್ನ ಕೆಲಸವಾಗಿತ್ತು. ಸೆಟ್ಟು ಊಟದ ಡಬ್ಬಿಯಷ್ಟು. ಅದಕ್ಕೊಂದು ವೈರು, ವೈರಿನ ತುದಿಗೆ ಅಂಗೈಯಗಲದ ಚಪ್ಪಟೆ ಆಂಟೆನಾ. ಆಂಟೆನಾವನ್ನು ಆಗ್ನೇಯದ ಆಕಾಶಕ್ಕೆ ಹಿಡಿದರೆ ಮಾತ್ರ ಸಿಗ್ನಲ್ಲು. ಬಸವನಗುಡಿ, ಮಲ್ಲೇಶ್ವರಂ ಕಡೆಯ ಹಳೇ ಮನೆಗಳಲ್ಲಿ ಒಲೆ ಇರುವುದು ಆಗ್ನೇಯ ಮೂಲೆಯಲ್ಲೇ. ಹಾಗಾಗಿ ಬಾಗಿಲಲ್ಲಿ ನಿಂತೇ "ಅಡುಗೆಮನೆ ಎಲ್ಲಿ ಬರುತ್ತಮ್ಮಾ?" ಎಂದು ಕೇಳುತ್ತಿದ್ದೆ. ನಾನು ಕಾಫಿಗೆ ಹೊಂಚು ಹಾಕುತ್ತಿದ್ದೇನೆಂದು ತಿಳಿದು ಕೆಲವರು ಕಾಫಿಯನ್ನೂ ಕೊಡುತ್ತಿದ್ದರು.

ಹಳೇ ರೇಡಿಯೊ ಗೊರಗೊರ ಎಂದಾದರೂ ಜೀವಂತವಿರುವುದನ್ನು ತಿಳಿಸುತ್ತಿತ್ತು. ಇದು ಹಾಗಲ್ಲ. ಬಂದರೆ ಕನ್ನಡಿಯಂತೆ ಸ್ವಚ್ಛ, ಬಾರದಿದ್ದರೆ ಹೆಣದಂತೆ ಮೌನ. ರಸ್ತೆಯ ಮಳೆಮರ, ಪಕ್ಕದವರ ನೀರಿನ ಟ್ಯಾಂಕು, ಒಣಗಿಹಾಕಿದ ರೇಷ್ಮೆ ಸೀರೆಯ ಜರಿ, ಯಾವುದು ಅಡ್ಡ ಬಂದು ನನ್ನ ಮಾನ ಕಳೆಯುವುದೋ ಎಂದು ರಾತ್ರಿಯೆಲ್ಲ ಹೊರಳಾಡುತ್ತಿದ್ದೆ. ಬೆಳಿಗ್ಗೆ ಎದ್ದು ಮಾತ್ರ ಗಿಣಿಯಂತೆ ಒಪ್ಪಿಸುತ್ತಿದ್ದೆ: "ಹೊಸೂರಲ್ಲಿ ಕೂತ್ರೂ ಕನ್ನಡ ಬರುತ್ತೆ, ಹಿಂದೂಪುರದಲ್ಲಿ ಕೂತ್ರೂ ಬರುತ್ತೆ. ಇಲ್ಲಿ ಕೂತು ತಮಿಳು, ತೆಲುಗು ಬೇಕಾ, ಅದೂ ಉಂಟು. ಉಪಗ್ರಹಕ್ಕೆ ಚೆಕ್‌ಪೋಸ್ಟ್ ಇಲ್ಲ ಸಾರ್!"

ನನ್ನನ್ನೂ ಸೆಟ್ಟನ್ನೂ ಹೊತ್ತು ತಿರುಗುತ್ತಿದ್ದುದು ಒಂದೇ ಆಟೊ. ಅದರ ಡ್ರೈವರು ಹುಟ್ಟಿ ಬೆಳೆದದ್ದು ಚಾಮರಾಜಪೇಟೆ. ಮನೆಮಾತು ತಮಿಳು. ಕನ್ನಡ ನನಗಿಂತ ಸರಾಗ. ಗಾಡಿಯ ಮುಂದೆ ನವೆಂಬರಿನಲ್ಲಿ ಕಟ್ಟಿದ ಕೆಂಪು-ಹಳದಿ ಬಾವುಟವನ್ನು ಬಿಸಿಲಿಗೆ ಮಾಸಿದರೂ ಬಿಚ್ಚುತ್ತಿರಲಿಲ್ಲ.

"ನಿಮ್ಗೆ ಮಳೆ ಬಂದ್ರೂ ಭಯ, ಬರದಿದ್ರೂ ಭಯ ಸಾರ್," ಎಂದು ನಗುತ್ತಿದ್ದ. "ಮದುವೆ ಹೆಂಗಾದ್ರಿ?"

ನಾನು ಹೇಳಹೊರಟ ದಿನ, ತಮಿಳುನಾಡಿನ ಜೊತೆಗಿನ ನದಿ ನೀರಿನ ಜಗಳದ ತೀರ್ಪು ಬರುವುದಿತ್ತು. ಬೆಳಿಗ್ಗೆ ವಿಶ್ವೇಶ್ವರಪುರದಲ್ಲಿ ಟೀ ಕುಡಿಯಲು ನಿಂತಾಗ ಅವನು ಎಂದಿನಂತೆ ಕೇಳಿದ: "ನಮ್ ಸ್ಟೇಷನ್ ಹಾಕಿ ಸಾರ್, ಎರಡೇ ಹಾಡು." ಹಾಕಿದೆ. ಎರಡು ತಮಿಳು ಹಾಡು ಕೇಳಿ, ಲೋಟ ತೊಳೆದಿಟ್ಟು ಹೊರಟೆವು. ಸೆಟ್ಟಿನ ಸ್ವಭಾವ ಹೇಗೆಂದರೆ, ಮುಂದಿನ ಸಲ ಹಚ್ಚಿದಾಗ ಕೊನೆಗೆ ಕೇಳಿದ ಸ್ಟೇಷನ್ನಿನಿಂದಲೇ ಶುರುಮಾಡುತ್ತದೆ. ಸಿಗ್ನಲ್ ಹಿಡಿದು ಬಾಯಿಬಿಟ್ಟ ಮೇಲಷ್ಟೇ ಬೇರೆಯದಕ್ಕೆ ಬದಲಾಯಿಸಬಹುದು. ಗಿರಾಕಿಗಳೆಲ್ಲ ಒತ್ತಿ ಒತ್ತಿ ಸದ್ದು ಇಳಿಸುವ ಗುಂಡಿಯಂತೂ ಯಾವತ್ತೋ ಕೆಟ್ಟಿತ್ತು. ಬಂದರೆ ಇಡೀ ಬೀದಿಗೆ ಕೇಳುವಂತೆಯೇ ಬರುತ್ತಿತ್ತು.

ಮೊದಲ ಮನೆಯಲ್ಲಿ ಸಿಗ್ನಲ್ಲೇ ಸಿಗದೆ ಮಾನ ಕಳೆದುಕೊಂಡು ಹೊರಬರುವಷ್ಟರಲ್ಲಿ ಅಂಗಡಿಗಳ ಷಟರುಗಳು ಸಾಲಾಗಿ ದಡದಡ ಬೀಳುತ್ತಿದ್ದವು. ಸೆಟ್ಟನ್ನು ಅಂಗಡಿಗೆ ಮುಟ್ಟಿಸಿಬಿಡೋಣವೆಂದು ಚಾಮರಾಜಪೇಟೆಯ ಮೇಲೆ ಹೊರಟೆವು. ಮೊದಲನೇ ವೃತ್ತದಲ್ಲೇ ತಮಿಳುನಾಡಿನ ನಂಬರಿನ ಲಾರಿಯೊಂದು ಅಡ್ಡ ನಿಂತಿತ್ತು. ಮುಂದಿನ ಗಾಜು ಪುಡಿಯಾಗಿ ರಸ್ತೆಗೆ ಸಕ್ಕರೆಯಂತೆ ಚೆಲ್ಲಿತ್ತು. ಲಾರಿಯವನನ್ನು ಕಾಲು ಹಿಡಿದು ಕೆಳಕ್ಕೆಳೆದಿದ್ದರು. ಒಬ್ಬ ಕ್ರಿಕೆಟ್ ವಿಕೆಟ್ಟಿನಿಂದ ಬೆನ್ನಿಗೆ ಬಾರಿಸುತ್ತಿದ್ದ, ಇನ್ನೊಬ್ಬ ಚಪ್ಪಲಿಯಿಂದ ಬಾಯಿಗೆ. ಲಾರಿಯವನ ಒಂದು ಕಿವಿ ಹರಿದು ಜೋತಿತ್ತು. "ಅಮ್ಮಾ, ಅಮ್ಮಾ" ಎನ್ನುತ್ತಿದ್ದ. ಹೊಡೆಯುತ್ತಿದ್ದವರೂ ಪೆಟ್ಟು ಬಿದ್ದರೆ ಅದನ್ನೇ ಅನ್ನುವವರು. ಯಾರೋ ಟೈರಿಗೆ ಸೀಮೆಎಣ್ಣೆ ಸುರಿದರು. ನಮ್ಮ ಬಾವುಟ ನೋಡಿ "ಹೋಗ್ಲಿ ಬಿಡ್ರೋ" ಎಂದು ದಾರಿ ಬಿಟ್ಟರು.

ಡ್ರೈವರು ಹಿಂದಿರುಗಿ ನೋಡಲಿಲ್ಲ. ಅವನ ಕತ್ತಿನ ಹಿಂದೆ ಬೆವರು ಇಳಿಯುವುದು ಮಾತ್ರ ನನಗೆ ಕಾಣುತ್ತಿತ್ತು.

ಮುಂದಿನ ತಿರುವಿನಲ್ಲಿ ಬಾವುಟ ಸಾಲಲಿಲ್ಲ. "ಏಯ್, ನಿಲ್ಸೋ!" ಎಂದು ದೊಣ್ಣೆಯೊಂದು ಆಟೊದ ಟಾಪಿಗೆ ಬಿತ್ತು. ಕೊರಳಿಗೆ ಶಾಲು ಸುತ್ತಿದ್ದ ಮೀಸೆಯವನೊಬ್ಬ ಒಳಗೆ ಇಣುಕಿದ.

"ಏನ್ರೀ ಅದು ಮಡಿಲಲ್ಲಿ?"

"ರೇ... ರೇಡಿಯೊ ಸಾರ್."

ಅವನ ಮುಖ ಅರಳಿತು. "ಒಳ್ಳೇ ಟೈಮಿಗ್ ಬಂದ್ರಿ ಗುರುಗಳೇ! ತೀರ್ಪು ಏನಾಯ್ತು ಹಾಕಿ. ಬೆಳಿಗ್ಗೆಯಿಂದ ಟೈರ್ ಸುಡ್ತಿದೀವಿ, ಒಬ್ಬ ನನ್ಮಗನಿಗೂ ಸರಿಯಾಗಿ ಗೊತ್ತಿಲ್ಲ."

ನಾನು ಇಳಿದೆ. ಹಚ್ಚಿದರೆ ಮೊದಲು ಬರುವುದು ತಮಿಳು ಹಾಡು, ಅದೂ ಬೀದಿಗೆಲ್ಲ ಕೇಳುವಂತೆ. ಯಾರದ್ದಯ್ಯಾ ಈ ಸ್ಟೇಷನ್ನು ಎಂದು ಕೇಳುತ್ತಾರೆ. ಆಗ ನಾನು ಏನು ಹೇಳುತ್ತೇನೆಂಬುದೇ ನನ್ನ ಹೆದರಿಕೆ. ನನ್ನ ಪರಿಚಯ ನನಗಿದೆ. ದೊಣ್ಣೆ ಎತ್ತುವ ಮೊದಲೇ "ನಂದಲ್ಲ ಸಾರ್, ಇವನ್ದು" ಎಂದು ಬೆರಳು ತೋರಿಸುವ ಜಾತಿ ನಾನು. ಆಮೇಲೆ ಆ ಕಿವಿಯ ಜಾಗದಲ್ಲಿ ಇವನ ಕಿವಿ.

ಜೀವಮಾನದಲ್ಲಿ ಮೊದಲ ಸಲ ಸಿಗ್ನಲ್ ಬಾರದಿರಲೆಂದು ಬೇಡಿಕೊಂಡೆ. ಆಗ್ನೇಯಕ್ಕೆ ಬೆನ್ನು ಹಾಕಿ, ಮುಚ್ಚಿದ ಷಟರಿನ ಕಡೆಗೆ ಆಂಟೆನಾ ಹಿಡಿದು ಸೆಟ್ಟು ಹಚ್ಚಿದೆ. ಮೌನ. ಆಹಾ, ಎಂಥ ಮೌನ!

"ಬರ್ತಿಲ್ಲ ಸಾರ್. ಮೋಡ ಇರ್ಬೇಕು."

"ಎಲ್ರೀ ಮೋಡ? ಬಿಸಿಲು ನೆತ್ತಿ ಸುಡ್ತಿದೆ. ದುಡ್ಡು ಕೊಟ್ಟು ತಗೊಂಡ್ರಾ ಇದನ್ನ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಡ್ರೈವರೂ ಹಲ್ಲು ಬಿಟ್ಟ.

ಅಷ್ಟಕ್ಕೇ ಮುಗಿಯಬೇಕಿತ್ತು. ಗುಂಪಿನಿಂದ ಒಬ್ಬ ಹುಡುಗ ಮುಂದೆ ಬಂದ. "ಕೊಡಿ ಅಂಕಲ್, ನಮ್ಮನೆ ಟೀವಿ ಆಂಟೆನಾನೂ ಹಿಂಗೇ, ಸ್ವಲ್ಪ ತಿರುಗಿಸ್ಬೇಕು," ಎಂದು ಅದನ್ನು ಕಿತ್ತುಕೊಂಡು ಎತ್ತಿ ಹಿಡಿದು ನಿಧಾನವಾಗಿ ತಿರುಗತೊಡಗಿದ. ಉತ್ತರ. ಈಶಾನ್ಯ. ಪೂರ್ವ. ಸಿಗ್ನಲ್ ಹತ್ತಿರವಾದಂತೆಲ್ಲ ಸೆಟ್ಟು ಕುಂಯ್ ಕುಂಯ್ ಎನ್ನುತ್ತದೆ. ನನ್ನ ಕೈಯೊಳಗೆ ಅದು ನಾಯಿಮರಿಯಂತೆ ಕುಂಯ್‌ಗುಟ್ಟಿತು.

"ಬಂತು, ಬಂತು!" ಎಂದು ಹುಡುಗ ಕುಣಿದ.

ಡ್ರೈವರು ಹ್ಯಾಂಡಲ್ ಹಿಡಿದು ಕಣ್ಣು ಮುಚ್ಚಿಕೊಂಡ.

ಆಮೇಲೆ ನಡೆದದ್ದನ್ನು ಯೋಚಿಸಿ ಮಾಡಿದೆನೆಂದು ಹೇಳಿಕೊಳ್ಳಲು ನನಗೂ ಆಸೆ. ಇಲ್ಲ. "ದರಿದ್ರ ಸೆಟ್ಟು!" ಎಂದು ಕಿರುಚಿ ಅದನ್ನು ತಲೆಯ ಮೇಲಕ್ಕೆತ್ತಿ ರಸ್ತೆಗೆ ಅಪ್ಪಳಿಸಿದೆ. ವೈರು ಕಿತ್ತುಬಂತು. ಆಂಟೆನಾ ಹಿಡಿದಿದ್ದ ಹುಡುಗ ಮುಗ್ಗರಿಸಿದ. ನನ್ನ ಕಿವಿಯೊಳಗೆ ಮಾತ್ರ ಇನ್ನೂ ಸಣ್ಣಗೆ ಕುಂಯ್ ಬರುತ್ತಿತ್ತು. ಪಕ್ಕದಲ್ಲಿ ಬಿದ್ದಿದ್ದ ಕಲ್ಲೆತ್ತಿ ಹೊಡೆದೆ. ಮುಚ್ಚಳ ಹಾರಿತು. ಮತ್ತೆ ಹೊಡೆದೆ. ಬ್ಯಾಟರಿಗಳು ಉರುಳಿ ಮೋರಿಗೆ ಬಿದ್ದವು. ಒಳಗಿನ ಹಸಿರು ಹಲಗೆ ಎರಡಾಯಿತು. ಗುಂಪು ಶಿಳ್ಳೆ ಹಾಕಿ ಕೇಕೆ ಹಾಕಿತು. "ಹಾಕು ಗುರು, ಇನ್ನೊಂದು ಹಾಕು!" ಹಾಕಿದೆ. ಕನ್ನಡಕ ಜಾರಿ ಬಿತ್ತು, ಬಿಡಲಿಲ್ಲ. ಮಳೆಮರ, ನೀರಿನ ಟ್ಯಾಂಕು, ಜರಿಸೀರೆ, "ಬರಲ್ವೇನ್ರೀ?" ಎಂದು ಹುಬ್ಬೆತ್ತಿದ ಎಲ್ಲ ಗಿರಾಕಿಗಳ ತಲೆ, ಎಲ್ಲದರ ಮೇಲೂ ಹಾಕಿದೆ. ಕಲ್ಲಿನ ಅಂಚು ಅಂಗೈ ಸೀಳಿ ರಕ್ತ ಸುರಿಯುತ್ತಿದ್ದುದು ತಿಳಿಯಲೇ ಇಲ್ಲ. ಎದೆಯಲ್ಲಿ ಭಯವೆಂಬುದೇ ಇರಲಿಲ್ಲ. ನನ್ನಂಥವನಿಗೆ ಅದೆಂಥ ಸುಖವೆಂದು ಬರೆಯಲು ನಾಚಿಕೆಯಾಗುತ್ತದೆ.

ಯಾರೋ ತೋಳು ಹಿಡಿದರು. ಡ್ರೈವರು.

"ಸಾಕು ಸಾರ್. ಹತ್ತಿ."

ಮೀಸೆಯವನು ನನ್ನ ಕನ್ನಡಕ ಒರೆಸಿ ಕೊಟ್ಟು, ಬೆನ್ನು ತಟ್ಟಿದ. "ಅಭಿಮಾನ ಅಂದ್ರೆ ಇದು! ಏಯ್, ದಾರಿ ಬಿಡ್ರೋ." ಅಡ್ಡ ಇಟ್ಟಿದ್ದ ಕಲ್ಲುಗಳನ್ನು ಅವರೇ ಸರಿಸಿದರು.

ಎರಡು ಬೀದಿ ದಾಟಿದೆವು. ಆಗ್ನೇಯದ ಆಕಾಶದಲ್ಲಿ ಲಾರಿಯ ಹೊಗೆ ಕಪ್ಪಗೆ ಏಳುತ್ತಿತ್ತು. ನಾನೇ ಮಾತು ಶುರುಮಾಡಿದೆ.

"ಜಾಸ್ತಿ ಆಯ್ತೇನೋ. ಏನ್ಮಾಡೋದು, ಅವರು ನಂಬ್ಬೇಕಲ್ಲ."

"ಅವ್ರು ಮೊದ್ಲನೇ ಏಟಿಗೇ ನಂಬಿದ್ರು ಸಾರ್."

ಕನ್ನಡಿಯಲ್ಲಿ ಅವನು ನನ್ನ ಮುಖ ನೋಡಲಿಲ್ಲ. ಅದಕ್ಕಿಂತ ಕೆಳಗೆ, ಮಡಿಲಿನ ಕಡೆಗೆ ನೋಡಿದ. ಗಾಡಿ ನಿಧಾನ ಮಾಡಿ, ನಗದೆ ಹೇಳಿದ:

"ಆ ಕಲ್ಲು ಬಿಸಾಕಿ. ಗಾಡೀಲಿ ನಾನೂ ಇದೀನಿ."

ಬೆರಳು ಬಿಡಿಸಲು ಇನ್ನೊಂದು ಕೈ ಬೇಕಾಯಿತು.